ಒಂಬತ್ತನೇ ಮಗುವಿನ ಕೈ

ಹ್ಯಾನ್ಕಾಕ್, ಮಿಶಿಗನ್
ಫೆಬ್ರವರಿ 9, 1998

ಡಾಕ್ಟರ್ ಹೌಗನ್ ಅವರಿಗೆ,

ನನ್ನ ಹೆಸರು ನಿಮಗೆ ನೆನಪಿರಲಾರದು. ಹೆಸರು ನೆನಪಿಡುವ ಅಭ್ಯಾಸ ನಿಮಗೆ ಆಗಲೂ ಇರಲಿಲ್ಲ. ನರ್ಸಿಗೆ ನೀವು ಹೇಳುತ್ತಿದ್ದದ್ದು, "ಒಂಬತ್ತನ್ನ ಒಳಗೆ ಕಳ್ಸಿ" ಅಂತ. ಆ ಒಂಬತ್ತು ನಾನು. ಐಲಿ ಕಾಂಗಸ್, ಹೆಲ್ಮಿ ಕಾಂಗಸ್ ಅವರ ಮಗಳು. ಎಡಗೈ ಹೆಬ್ಬೆರಳಿಗೆ ಬುಡದ ಮೂಳೆಯೇ ಇಲ್ಲದೆ, ಚರ್ಮದ ಎಳೆಯೊಂದಕ್ಕೆ ಜೋತುಬಿದ್ದ ಬೆರಳಿನೊಂದಿಗೆ ಹುಟ್ಟಿದವಳು. 1963ರಲ್ಲಿ, ನನಗೆ ಎರಡು ವರ್ಷವಿದ್ದಾಗ, ನೀವು ಮಿಲ್ವಾಕಿಯಲ್ಲಿ ನನ್ನ ಮೊಣಕಾಲ ಕೆಳಗಿನಿಂದ ಮೂಳೆಯ ಚೂರು ತೆಗೆದು ಆ ಬೆರಳಿಗೆ ಬುಡ ಕಟ್ಟಿದಿರಿ.

ಬೆರಳು ಈಗಲೂ ಇದೆ. ಇದೆ, ಅಷ್ಟೆ. ಮಡಚುವುದಿಲ್ಲ, ಒತ್ತುವುದಿಲ್ಲ. ಚಳಿ ಬಿದ್ದರೆ ಮೊದಲು ನೀಲಿಗಟ್ಟುವುದು ಅದೇ, ನಮ್ಮೂರಲ್ಲಿ ಚಳಿಯೋ ಆರು ತಿಂಗಳು. ನಾನು ಪೇಸ್ಟಿ ಎಂಬ ಕಡುಬಿನ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ. ಮಾಂಸ, ಆಲೂಗಡ್ಡೆ ತುಂಬಿದ ಹಿಟ್ಟಿನ ಅಂಚನ್ನು ತೋರುಬೆರಳು ನಡುಬೆರಳುಗಳ ಸಂದಿಯಲ್ಲಿ ಹಿಡಿದು ದಿನಕ್ಕೆ ಇನ್ನೂರು ಸಲ ಹೆಣೆಯುತ್ತೇನೆ. ನೀವು ಕಟ್ಟಿಕೊಟ್ಟ ಹೆಬ್ಬೆರಳು ಪಕ್ಕದಲ್ಲಿ ನಿಂತು ನೋಡುತ್ತಿರುತ್ತದೆ, ಕೆಲಸವಿಲ್ಲದ ಮೇಸ್ತ್ರಿಯ ಹಾಗೆ.

ಇಷ್ಟಕ್ಕೇ ಆಗಿದ್ದರೆ ನಾನು ಅಂಚೆಚೀಟಿ ದಂಡ ಮಾಡುತ್ತಿರಲಿಲ್ಲ. ನನಗೆ ಸಿಲ್ವಿ ಎಂಬ ಮಗಳಿದ್ದಾಳೆ, ಹದಿನಾಲ್ಕು ತಿಂಗಳು. ಅವಳ ಎಡಗೈಯೂ ನನ್ನದರ ಹಾಗೇ. ಗ್ರೀನ್ ಬೇಯಲ್ಲಿ ತೋರಿಸುತ್ತಿದ್ದೇವೆ, ಡಾಕ್ಟರ್ ಕೊರಿನ್ ಬಾಸ್ಕೆ ಅವರಿಗೆ. ನಿಮ್ಮ ಶಿಷ್ಯೆಯಂತೆ. ದಾರಿ ಎರಡಿವೆ ಎಂದರು. ಒಂದು, ಆ ಜೋತುಬೆರಳನ್ನು ತೆಗೆದುಹಾಕಿ, ತೋರುಬೆರಳನ್ನು ಅದರ ನರ, ರಕ್ತನಾಳಗಳ ಸಮೇತ ಗಿಡ್ಡ ಮಾಡಿ, ತಿರುಗಿಸಿ, ಹೆಬ್ಬೆರಳಿನ ಜಾಗದಲ್ಲಿ ಕೂರಿಸುವುದು. ನಾಲ್ಕೇ ಬೆರಳಿನ ಕೈ, ಆದರೆ ಹಿಡಿಯುವ ಕೈ. ಇನ್ನೊಂದು, ಇದ್ದ ಬೆರಳನ್ನೇ ಉಳಿಸಿ ಬುಡ ಕಟ್ಟುವುದು. ಸಿಲ್ವಿ ಆ ಬೆರಳನ್ನು ಮುಟ್ಟಿಯೂ ನೋಡುವುದಿಲ್ಲ, ಎಲ್ಲವನ್ನೂ ಪಕ್ಕದ ಎರಡು ಬೆರಳಲ್ಲೇ ಹಿಡಿಯುತ್ತಾಳೆ. ಹಾಗಿದ್ದರೂ ಡಾಕ್ಟರಮ್ಮ ಎರಡನೇ ದಾರಿಯೇ ಸರಿ ಎಂದು ಗೋಡೆಯ ಮೇಲೆ ಒಂದು ಚಿತ್ರ ಬಿಟ್ಟರು.

"ಈ ಹುಡುಗೀನೂ ಮೊದ್ಲು ಹಂಗೇ ಹಿಡೀತಿದ್ಲು. ಆಪರೇಷನ್ ಆದ್ಮೇಲೆ ಎಂಟು ವರ್ಷ ನೋಡಿದಾರೆ, ಕೈ ಅತ್ಯುತ್ತಮ ಅಂತ ದಾಖಲೆ ಇದೆ. ನಮ್ಮ ಗುರುಗಳ ಒಂಬತ್ತನೇ ಮಗು ಇದು."

ಕಪ್ಪು ಬಟ್ಟೆಯ ಮೇಲೆ ಪುಟ್ಟ ಎಡಗೈ. ಐದು ಬೆರಳೂ ಶಿಸ್ತಾಗಿ ಸಾಲುಗಟ್ಟಿವೆ. ಮಣಿಕಟ್ಟಿನ ಮೇಲೆ ಬಾಗಿದ ಸುಟ್ಟಗಾಯದ ಕಲೆ. ನಮ್ಮ ಸೌನಾದಲ್ಲಿ, ಬಿಸಿ ಉಗಿಯ ಸ್ನಾನದ ಕೋಣೆಯಲ್ಲಿ, ಒಲೆಗೆ ತಾಗಿ ಆದದ್ದು ಅದು. ನಾನು ಅಂಗಿಯ ತೋಳು ಮೇಲೆ ಸರಿಸಿ ಕೈಯನ್ನು ಡಾಕ್ಟರಮ್ಮನ ಮೂಗಿನ ಕೆಳಗೆ ಹಿಡಿದೆ. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಅಂತಾರಲ್ಲ, ನಿಮ್ಮ ಶಿಷ್ಯೆಗೆ ಬೇಕು. ಕೈ ನೋಡಿದರು, ಚಿತ್ರ ನೋಡಿದರು, ಚಿತ್ರವನ್ನೇ ನಂಬಿದರು. "ದೊಡ್ಡವರಾದ್ಮೇಲೆ ಬಿಗಿದಿರಬಹುದು. ಚಿಕ್ಕವರಿದ್ದಾಗ ಚೆನ್ನಾಗಿತ್ತು ಅನ್ನೋಕೆ ಫಿಲ್ಮೇ ಇದೆಯಲ್ಲ."

ಮನೆಗೆ ಬರುವಾಗ ನನ್ನ ಗಂಡ ರಾಯ್ ಹೇಳಿದ್ದು ಅದಕ್ಕಿಂತ ಮೇಲು: "ಡಾಕ್ಟರ್ ಬೆರಳು ಉಳೀತದೆ ಅಂತಿದಾರೆ. ನಿನ್ ಸಿಟ್ಟಿಗೆ ಮಗೂ ಬೆರಳು ಕತ್ತರಿಸ್ಬೇಕಾ?" ಅವನ ಸಹಿ ಇಲ್ಲದೆ ಆಸ್ಪತ್ರೆಯವರು ನನ್ನ ಮಾತು ಕೇಳುವುದಿಲ್ಲ.

ಮೇ 12ಕ್ಕೆ ದಿನ ಗೊತ್ತಾಗಿದೆ. ಅದಕ್ಕೆ ಮುಂಚೆ ನೀವು ಬಾಸ್ಕೆ ಅವರಿಗೆ ಒಂದು ಸಾಲು ಬರೆಯಬೇಕು: ಒಂಬತ್ತನೇ ಮಗುವಿನ ಕೈ ಸರಿಹೋಗಲಿಲ್ಲ. ಒಂದೇ ಸಾಲು.

ಇತಿ,
ಐಲಿ ಕಾಂಗಸ್

*

ಸ್ಟರ್ಜನ್ ಬೇ, ವಿಸ್ಕಾನ್ಸಿನ್
ಫೆಬ್ರವರಿ 21, 1998

ಪ್ರಿಯ ಐಲಿ,

ನಿನ್ನ ಕಾಗದ ಬಂತು. ಕೈಯ ಶಸ್ತ್ರಚಿಕಿತ್ಸೆಯ ಬಗ್ಗೆ ಪೇಸ್ಟಿ ಅಂಗಡಿಯವರಿಂದ ಪಾಠ ಹೇಳಿಸಿಕೊಳ್ಳುವ ದಿನ ಬರುತ್ತದೆಂದು ನಾನು ಎಣಿಸಿರಲಿಲ್ಲ. ಎಂಬತ್ತೆರಡಾದರೂ ಕಲಿಯುವುದು ಮುಗಿಯುವುದಿಲ್ಲ ನೋಡು.

ನಿನ್ನ ಕಡತ ನನ್ನ ಬಳಿ ಇದೆ. ಎಂಟು ವರ್ಷದಲ್ಲಿ ಹದಿನಾರು ಭೇಟಿ. ಪ್ರತಿ ಭೇಟಿಯಲ್ಲೂ ಇಪ್ಪತ್ತು ಮರದ ಗೂಟಗಳನ್ನು ಹೆಬ್ಬೆರಳಲ್ಲಿ ಹಿಡಿದು ಹಲಗೆಯ ತೂತಿಗೆ ಇಡಬೇಕಿತ್ತು. ಏಳನೇ ವಯಸ್ಸಿಗೆ ನೀನು ಒಂದು ನಿಮಿಷದೊಳಗೆ ಮುಗಿಸಿದ್ದೀಯ. ಇದನ್ನು ನಾನು ಊಹಿಸಿ ಬರೆದದ್ದಲ್ಲ, ಕಣ್ಣಾರೆ ಕಂಡು ಬರೆದದ್ದು, ಫಿಲ್ಮಿನಲ್ಲೂ ಇದೆ. ಆಮೇಲೆ ವ್ಯಾಯಾಮ ಬಿಟ್ಟು ಕೈಯನ್ನು ಸೋಮಾರಿ ಮಾಡಿದ್ದರೆ ಬೆರಳು ಬಿಗಿಯದೆ ಇನ್ನೇನಾಗುತ್ತದೆ? ಎಣ್ಣೆ ಕಾಣದ ಗೇಟೂ ಬಿಗಿಯುತ್ತದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ಕೊರಿನ್ ಬಾಸ್ಕೆ ನನ್ನ ಶಿಷ್ಯರಲ್ಲಿ ಅಂಥ ಚುರುಕಿನವಳೇನಲ್ಲ. ಆದರೆ ಹೇಳಿಕೊಟ್ಟದ್ದನ್ನು ಹೇಳಿಕೊಟ್ಟ ಹಾಗೆ ಮಾಡುತ್ತಾಳೆ. ನಿನ್ನ ಮಗುವಿಗೆ ಅಷ್ಟು ಸಾಕು. ಅವಳ ಕೆಲಸ ಅವಳು ಮಾಡಲಿ, ನಿನ್ನ ಕೆಲಸ ನೀನು ಮಾಡು.

ಶುಭಾಶಯಗಳೊಂದಿಗೆ,
ಮೆರಿಲ್ ಹೌಗನ್, ಎಂ.ಡಿ.

*

ಹ್ಯಾನ್ಕಾಕ್
ಮಾರ್ಚ್ 2, 1998

ಡಾಕ್ಟರ್ ಹೌಗನ್ ಅವರಿಗೆ,

ಮೊದಲನೆಯದು, ನನಗೆ ಮೂವತ್ತೇಳು ನಡೆಯುತ್ತಿದೆ. ನೀನು, ತಾನು ಎನ್ನಲು ನೀವು ನನ್ನ ಚಿಕ್ಕಪ್ಪನಲ್ಲ.

ಎರಡನೆಯದು, ಆ ಗೂಟಗಳು. ನೀವು ಕಣ್ಣಾರೆ ಕಂಡದ್ದು ಏನೆಂದು ನಾನು ಹೇಳುತ್ತೇನೆ. ನಮ್ಮಪ್ಪ ಗಣಿಯಲ್ಲಿ ಬಡಗಿ. ನಿಮ್ಮ ಹಲಗೆಯನ್ನು ಒಂದು ಸಲ ನೋಡಿಕೊಂಡು ಬಂದು ಅಂಥದ್ದೇ ಒಂದನ್ನು ಮನೆಯಲ್ಲಿ ಮಾಡಿದರು. ಮಿಲ್ವಾಕಿಗೆ ಹೋಗಲು ಒಂದು ತಿಂಗಳಿದೆ ಎನ್ನುವಾಗ ಅಮ್ಮ ಅದನ್ನು ಅಟ್ಟದಿಂದ ಇಳಿಸುತ್ತಿದ್ದಳು. ಶಾಲೆಯಿಂದ ಬಂದವಳನ್ನು ಅಡುಗೆಮನೆ ಮೇಜಿಗೆ ಕೂರಿಸಿ, "ಡಾಕ್ಟರ್ ಮುಂದೆ ಮರ್ಯಾದೆ ಕಳೀಬೇಡ, ಹೆಬ್ಬೆರಳಲ್ಲೇ ಹಿಡಿ" ಎನ್ನುವಳು. ಬೆರಳು ಮಡಚುತ್ತಿರಲಿಲ್ಲ, ಆದ್ದರಿಂದ ನಾನು ಮಣಿಕಟ್ಟು ತಿರುಚಿ, ಗೂಟವನ್ನು ಅದಕ್ಕೆ ಒತ್ತಿ, ಭುಜದಿಂದ ದೂಡಲು ಕಲಿತೆ. ಭುಜ ನೋವಾಗಿ ಅಳುತ್ತಿದ್ದೆ. ನಿಮ್ಮ ಕೋಣೆಯಲ್ಲಿ ಅಳಲಿಲ್ಲ. ಒಂದು ನಿಮಿಷ ಮುಗಿದ ಮೇಲೆ ಆ ಬೆರಳನ್ನು ಮುಂದಿನ ಭೇಟಿಯವರೆಗೆ ಮರೆತುಬಿಡುತ್ತಿದ್ದೆ. ಹಲಗೆ ಅಟ್ಟಕ್ಕೆ ಹೋಗುತ್ತಿತ್ತು.

ಇದು ನಮ್ಮ ಮನೆಯೊಂದರ ಕಥೆಯಲ್ಲ. ನಿಮ್ಮ ಕೋಣೆಯ ಹೊರಗೆ ಬೆಂಚಿನ ಮೇಲೆ ಕೂತ ಅಮ್ಮಂದಿರೆಲ್ಲ ಇದೇ ಮಾತಾಡುತ್ತಿದ್ದರು, ನಿಮ್ಮಲ್ಲಿ ಎಷ್ಟು ಗೂಟ, ನಮ್ಮಲ್ಲಿ ಎಷ್ಟು ಗೂಟ ಅಂತ. ಬಾಗಿಲು ತೆಗೆದು ಒಂದು ಸಲ ಹೊರಗೆ ಬಂದಿದ್ದರೆ ನಿಮಗೂ ಕೇಳಿಸುತ್ತಿತ್ತು. ಒಳಗೆ ಬಂದ ಮಗು ಕೋಟು ಬಿಚ್ಚುವುದನ್ನು, ಹೋಗುವಾಗ ಹಾಕಿಕೊಳ್ಳುವುದನ್ನು ನೋಡಿದ್ದರೂ ಸಾಕಿತ್ತು. ನೀವು ಆಗ ಕಡತ ಬರೆಯುತ್ತಿದ್ದಿರಿ. ಮಕ್ಕಳ ಕೈ ನೋಡುವುದೇ ಕಸುಬಾದವರು ಕೈ ಬಿಟ್ಟು ಗೂಟ ಎಣಿಸಿದರು. ನಮ್ಮ ಅಂಗಡಿಯಲ್ಲಿ ಹೀಗೆ ಮಾಡಿದರೆ ಮಧ್ಯಾಹ್ನದೊಳಗೆ ಕೆಲಸದಿಂದ ತೆಗೆಯುತ್ತಾರೆ.

ನನಗೆ ನಿಮ್ಮ ಪಶ್ಚಾತ್ತಾಪ ಬೇಡ. ಸಿಲ್ವಿಗೆ ಅಡುಗೆಮನೆ ಮೇಜಿನ ಮುಂದೆ ಹಾಗೆ ಕೂರುವ ಗತಿ ಬರಬಾರದು. ಆ ಒಂದು ಸಾಲು ಬರೆಯಿರಿ.

ಐಲಿ ಕಾಂಗಸ್

*

ಸ್ಟರ್ಜನ್ ಬೇ
ಮಾರ್ಚ್ 11, 1998

ಶ್ರೀಮತಿ ಕಾಂಗಸ್ ಅವರಿಗೆ,

ನೀವು, ತಾವು, ಇನ್ನೇನು ಬೇಕೋ ಅದನ್ನೂ ಸೇರಿಸಿಕೊಳ್ಳಿ.

ನೀವು ತೆಗೆದಿರುವ ಕಡತದಲ್ಲಿ ಒಂದು ಹಾಳೆ ಕಾಣೆಯಾಗಿದೆ, ಅದನ್ನು ನಾನು ಒದಗಿಸುತ್ತೇನೆ. ತೋರುಬೆರಳನ್ನು ಹೆಬ್ಬೆರಳು ಮಾಡುವ ಕೆಲಸ 1963ರಲ್ಲೂ ನನಗೆ ಗೊತ್ತಿತ್ತು. ನಿಮ್ಮ ತಾಯಿಗೆ ಅದನ್ನೂ ವಿವರಿಸಿದೆ. ಆಕೆ ನನ್ನ ಕೋಣೆಯಲ್ಲಿ ಗೋಳೋ ಎಂದು ಅತ್ತರು. "ನಾಲ್ಕು ಬೆರಳಿನ ಹುಡುಗೀನ ಯಾರ್ ಮದುವೆ ಆಗ್ತಾರೆ ಡಾಕ್ಟ್ರೇ? ಉಂಗುರ ಎಲ್ಲಿ ತೊಡಿಸ್ತಾರೆ?" ಎಂದು ಕೇಳಿದರು. ಉಂಗುರವನ್ನು ಯಾರೂ ಹೆಬ್ಬೆರಳಿಗೆ ತೊಡಿಸುವುದಿಲ್ಲ ಎಂದೆ. ಆ ತರ್ಕ ಅವರ ತಲೆಗೆ ಹೋಗಲಿಲ್ಲ. ಐದು ಬೆರಳು ಬೇಕು ಎಂದರು, ಐದು ಬೆರಳು ಕೊಟ್ಟೆ. ನಿಮ್ಮ ದೂರನ್ನು ಸರಿಯಾದ ವಿಳಾಸಕ್ಕೆ ಕಳಿಸಿ. ಆ ಹಲಗೆ ಮಾಡಿದವರೂ ಅದೇ ವಿಳಾಸದಲ್ಲಿದ್ದರೆಂದು ನೀವೇ ಬರೆದಿದ್ದೀರಿ.

ನನಗೆ ಇನ್ನು ಬರೆಯಬೇಡಿ.

ಎಂ. ಹೌಗನ್

*

ಹ್ಯಾನ್ಕಾಕ್
ಮಾರ್ಚ್ 17, 1998

ಡಾಕ್ಟರ್ ಹೌಗನ್ ಅವರಿಗೆ,

ಬರೆಯಬೇಡಿ ಅಂದಿರಿ, ಆದರೂ ಬರೆಯುತ್ತಿದ್ದೇನೆ. ಮೇ 12 ನಿಮ್ಮ ಮನೆಯ ಕ್ಯಾಲೆಂಡರಿನಲ್ಲಿಲ್ಲ.

ದೂರನ್ನು ಸರಿಯಾದ ವಿಳಾಸಕ್ಕೆ ಕೊಂಡುಹೋದೆ. ಅಮ್ಮ ಪಕ್ಕದ ಬೀದಿಯಲ್ಲೇ ಇದ್ದಾಳೆ, ಎಪ್ಪತ್ತೊಂಬತ್ತು. ನಿಮ್ಮ ಕಾಗದವನ್ನು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದಳು. ನಾನು, "ಇದು ನಿಜವಾ?" ಎಂದೆ.

"ನಿಜ. ಅತ್ಕೊಂಡು ಬೇಡ್ಕೊಂಡೆ. ಉಂಗುರದ ಮಾತೂ ನಂದೇ."

"ಯಾಕಮ್ಮಾ?"

"ಯಾಕೆ ಅಂದ್ರೆ? ಇಪ್ಪತ್ತಾರು ಮನೆ ಇರೋ ಬೀದಿ ಇದು. ನನ್ ಮಗಳ ಕೈ ನೋಡೋಕೆ ಚರ್ಚಲ್ಲಿ ಜನ ಕತ್ತು ಉದ್ದ ಮಾಡ್ತಿದ್ರು. ನಂಗೇನ್ ಗೊತ್ತಿತ್ತು, ನಾನೇನ್ ಡಾಕ್ಟರಾ? ನಾನು ಬೇಕು ಅಂದೆ. ಬೇಡ ಅನ್ನೋಕೆ ಅವರಿಗೆ ಬಾಯಿರ್ಲಿಲ್ವಾ?"

ಆಮೇಲೆ ಕಾಗದ ಮಡಚಿ ನನ್ನ ಕೈಗಿಟ್ಟು, ಹಿಂದೆ ತಿರುಗಿ ಪಾತ್ರೆ ತೊಳೆಯಲು ನಿಂತಳು. ತೊಳೆದ ಪಾತ್ರೆಗಳನ್ನೇ ತೊಳೆಯುತ್ತಿದ್ದಳು. ನನಗೆ ಅವಳ ಮೇಲೂ ಸಿಟ್ಟು ಬಂತು. ಇಲ್ಲ ಎನ್ನುವುದಿಲ್ಲ. ಆದರೆ ಅವಳು ಒಪ್ಪಿಕೊಳ್ಳಲು ಅರ್ಧ ನಿಮಿಷ ಹಿಡಿಯಿತು. ಎಂಟನೇ ತರಗತಿಗೆ ಶಾಲೆ ಬಿಟ್ಟವಳು.

ನಿಮ್ಮ ಹತ್ತಿರ ಆ ಫಿಲ್ಮ್ ಇದೆ ಅಂದಿರಿ. ಪೂರ್ತಿ ನೋಡಿ. ನಾನು ಕೋಣೆಯಿಂದ ಹೊರಗೆ ಹೋಗುವವರೆಗೆ ನೋಡಿ. ನನಗೂ ಒಂದು ವಿಷಯ ಗೊತ್ತಾಗಬೇಕಿದೆ. ರಾಯ್ ಹೇಳಿದ್ದು ಕಿವಿಯಲ್ಲಿ ಹುಳದ ಹಾಗೆ ಕೂತಿದೆ. ಆ ಕೈ ಒಂದು ಕಾಲಕ್ಕೆ ನಿಜಕ್ಕೂ ಚೆನ್ನಾಗಿದ್ದು ನಾನೇ ಕೆಡಿಸಿಕೊಂಡೆನಾ? ಹಾಗಿದ್ದರೆ ನನ್ನ ಮಗಳ ಬೆರಳು ತೆಗೆಸುವುದು ನನ್ನ ಸಿಟ್ಟೇ. ಸಿಟ್ಟಿಗೆ ಮಗುವಿನ ಬೆರಳು ಬಲಿಕೊಡುವಷ್ಟು ನಾನು ಇಳಿದಿಲ್ಲ.

ಐಲಿ

*

ಸ್ಟರ್ಜನ್ ಬೇ
ಏಪ್ರಿಲ್ 26, 1998

ಶ್ರೀಮತಿ ಕಾಂಗಸ್ ಅವರಿಗೆ,

ನಿಮ್ಮ ಕಾಗದ ಬಂದು ಐದು ವಾರ ದಾಟಿತು. ಅದರಲ್ಲಿ ನಾಲ್ಕು ವಾರ ನಾನು ಫಿಲ್ಮ್ ನೋಡಲಿಲ್ಲ. ನೋಡಬೇಕಾಗಿರಲಿಲ್ಲ, ಅದರಲ್ಲಿ ಏನಿದೆಯೆಂದು ಬಲ್ಲೆ ಎಂದುಕೊಂಡಿದ್ದೆ.

ಕಳೆದ ಭಾನುವಾರ ಮಧ್ಯಾಹ್ನ ನೆಲಮಾಳಿಗೆಯಿಂದ ಯಂತ್ರ ಮೇಲೆ ತರಿಸಿ, ಪರದೆ ಎಳೆದು, ಗೋಡೆಗೆ ಹಾಕಿದೆ. ನೀವು ಇಪ್ಪತ್ತು ಗೂಟ ಇಡುತ್ತೀರಿ, ನಗುತ್ತೀರಿ, ಚಿತ್ರ ಮುಗಿಯುತ್ತದೆ. ಮೂವತ್ತು ವರ್ಷ ಸಭೆಗಳಲ್ಲಿ ನಾನು ತೋರಿಸಿದ್ದು ಇಷ್ಟೇ. ಆದರೆ ಡಬ್ಬಿಯ ತಳದಲ್ಲಿ ಇನ್ನೊಂದು ಪುಟ್ಟ ಸುರುಳಿ ಇತ್ತು. ಮೇಲೆ ನನ್ನದೇ ಕೈಬರಹ: 'ಒಂಬತ್ತು, ಬಾಲದ ತುಂಡು.' ಅದನ್ನೂ ಹಾಕಿದೆ.

ಗೂಟ ಮುಗಿದಿದೆ. ಚಿತ್ರ ತೆಗೆಯುವವನು ಯಂತ್ರ ನಿಲ್ಲಿಸುವುದನ್ನು ಮರೆತಿದ್ದಾನೆ. ನೀವು ಕುರ್ಚಿಯಿಂದ ಇಳಿದು ಕೋಟು ಹಾಕಿಕೊಳ್ಳುತ್ತೀರಿ. ಆರು ಗುಂಡಿ. ಆರನ್ನೂ ತೋರುಬೆರಳು ನಡುಬೆರಳುಗಳ ಸಂದಿಯಲ್ಲಿ ಹಿಡಿದು, ಕೈ ನೋಡದೆ, ನರ್ಸಿನ ಜೊತೆ ಮಾತಾಡುತ್ತ, ಪಟಪಟನೆ ಹಾಕುತ್ತೀರಿ. ಹೆಬ್ಬೆರಳು ಹೊರಗೆ ಚಾಚಿಕೊಂಡು ನಿಂತಿದೆ. ಚೌಕಟ್ಟಿನ ಅಂಚಿನಲ್ಲಿ ನನ್ನ ಬೆನ್ನು ಕಾಣುತ್ತದೆ. ನಾನು ಬರೆಯುತ್ತಿದ್ದೇನೆ.

1969ರಲ್ಲಿ ಚಿಕಾಗೋ ಸಭೆಗೆ ಹೊರಡುವ ಮುನ್ನ ಆ ಬಾಲವನ್ನು ಕತ್ತರಿಸಿದ್ದು ನಾನೇ, ನಮ್ಮ ಊಟದ ಮೇಜಿನ ಮೇಲೆ. ಚಿತ್ರ ಉದ್ದವಾಯಿತು ಎಂದು ಹೆಂಡತಿಗೆ ಹೇಳಿದೆ. ಕತ್ತರಿಸುವಾಗ ಗುಂಡಿಗಳನ್ನು ಕಂಡಿದ್ದೆನೇ? ಕಾಣದೆ ಕತ್ತರಿಸಿದ್ದರೆ ಎಸೆಯುತ್ತಿದ್ದೆ. ಎಸೆಯಲಿಲ್ಲ, ಹೆಸರು ಬರೆದು ಇಟ್ಟೆ. ಎಕ್ಸ್‌ರೇ ನಂಬಬೇಡಿ, ಅಷ್ಟು ಚಿಕ್ಕವರಲ್ಲಿ ಬುಡದ ಮೂಳೆ ಕಾಣುವುದಿಲ್ಲ, ಮಗುವನ್ನು ಆಡಲು ಬಿಟ್ಟು ಕೈ ನೋಡಿ ಎಂದು ನಲವತ್ತು ವರ್ಷ ಹುಡುಗರಿಗೆ ಕಲಿಸಿದೆ. ಕಲಿಸುವ ಮುಠ್ಠಾಳನೇ ನೋಡಲಿಲ್ಲ. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿಯಿತು.

ನೀವು ಕೆಡಿಸಿಕೊಂಡದ್ದು ಏನೂ ಇಲ್ಲ. ಆ ಬೆರಳು ಒಂದು ದಿನವೂ ಕೆಲಸ ಮಾಡಿರಲಿಲ್ಲ.

ನಿಮ್ಮ ತಾಯಿ ಹೇಳಿದ್ದು ಸರಿ. ನನಗೆ ಬಾಯಿತ್ತು. ಆ ಚಿತ್ರದ ಬಲದ ಮೇಲೆ ಆಮೇಲೆ ಇಪ್ಪತ್ತೆರಡು ಮಕ್ಕಳಿಗೆ ಅದನ್ನೇ ಮಾಡಿದೆ. ಎರಡು ಸುರುಳಿಗಳನ್ನೂ ನಿನ್ನೆ ಬಾಸ್ಕೆಗೆ ಕಳಿಸಿದ್ದೇನೆ, ನೀವು ಕೇಳಿದ ಸಾಲಿನ ಸಮೇತ.

ಮೆರಿಲ್ ಹೌಗನ್

*

ಹ್ಯಾನ್ಕಾಕ್
ಮೇ 3, 1998

ಡಾಕ್ಟರ್ ಹೌಗನ್ ಅವರಿಗೆ,

ಬಾಸ್ಕೆ ಮೊನ್ನೆ ಕರೆಸಿದರು. ಸಿಲ್ವಿಯ ಜೊತೆ ನೆಲದ ಮೇಲೆ ಮುಕ್ಕಾಲು ಗಂಟೆ ಕೂತರು, ಏನನ್ನೂ ಬರೆದುಕೊಳ್ಳಲಿಲ್ಲ. ಸಿಲ್ವಿ ಅವರ ಪೆನ್ನು, ಗಡಿಯಾರ, ಬೂಟಿನ ದಾರ ಎಲ್ಲವನ್ನೂ ಆ ಎರಡು ಬೆರಳಲ್ಲೇ ಎಳೆದಾಡಿದಳು. ಡಾಕ್ಟರಮ್ಮ ಎದ್ದು, "ಇವಳು ಯಾವತ್ತೋ ತೀರ್ಮಾನ ಮಾಡಿಬಿಟ್ಟಿದಾಳೆ. ತಡವಾಗಿದ್ದು ನಂಗೆ" ಎಂದರು. ನಿಮಗಿಂತ ಚುರುಕು ಎಂದು ತಿಳಿಸಲು ಸಂತೋಷವಾಗುತ್ತದೆ.

ಫಿಲ್ಮಿನ ಬಾಲವನ್ನು ರಾಯ್ ಮೂರು ಸಲ ಹಾಕಿಸಿ ನೋಡಿದ. ಮನೆ ಮುಂದೆ ಗಾಡಿ ನಿಲ್ಲಿಸಿದ ಮೇಲೆ, "ಆ ಕೋಟು ನಿಂಗೆ ದೊಡ್ಡದಾಗಿತ್ತು" ಎಂದ. ನಮ್ಮ ಕಡೆ ಗಂಡಸರು ತಪ್ಪಾಯ್ತು ಅನ್ನುವುದು ಹೀಗೆ. ಸಹಿ ಹಾಕಿದ್ದಾನೆ. ಮೇ 12ಕ್ಕೇ, ಆದರೆ ಮೊದಲನೇ ದಾರಿ.

ನಿಮಗೆ ಥ್ಯಾಂಕ್ಸ್ ಹೇಳುವುದಿಲ್ಲ. ಮೂವತ್ತು ವರ್ಷದ ಹಿಂದೆ ಬಡಿಸಬೇಕಾದ ಉಪ್ಪಿನಕಾಯಿಯನ್ನು ಎಲೆ ಎತ್ತಿದ ಮೇಲೆ ತಂದಿದ್ದೀರಿ. ಆ ಇಪ್ಪತ್ತೆರಡು ಮಂದಿ ತಮ್ಮ ಬೆರಳನ್ನು ತಾವೇ ಕೆಡಿಸಿಕೊಂಡೆವು ಎಂದುಕೊಂಡು ಓಡಾಡುತ್ತಿರುತ್ತಾರೆ. ಅವರಿಗೆ ಯಾವಾಗ ಬರೆಯುತ್ತೀರಿ?

ಐಲಿ

*

ಸ್ಟರ್ಜನ್ ಬೇ
ನವೆಂಬರ್ 4, 1998

ಶ್ರೀಮತಿ ಕಾಂಗಸ್ ಅವರಿಗೆ,

ಇಪ್ಪತ್ತೆರಡರಲ್ಲಿ ಹದಿನಾಲ್ಕು ವಿಳಾಸ ಸಿಕ್ಕಿತು. ಹದಿನಾಲ್ಕಕ್ಕೂ ಬರೆದೆ. ಆರು ಮಂದಿ ಉತ್ತರಿಸಿದ್ದಾರೆ. ಒಬ್ಬ ಲಾರಿ ಓಡಿಸುತ್ತಾನಂತೆ. ಅವನ ಭಾಷೆಯ ಮುಂದೆ ನಿಮ್ಮ ಬೈಗುಳ ಪ್ರಾರ್ಥನೆಯಂತಿತ್ತು. ಒಬ್ಬಾಕೆ, ಬೆರಳು ಚೆನ್ನಾಗಿಯೇ ಇದೆ, ನನಗೆ ತೊಂದರೆ ಕೊಡಬೇಡಿ ಎಂದಿದ್ದಾಳೆ. ಆ ಕಾಗದವನ್ನು ನಾನು ನಂಬಲು ಬಹಳ ಇಷ್ಟಪಟ್ಟೆ.

ಜನವರಿಯಲ್ಲಿ ಮಿಲ್ವಾಕಿಯ ಸಭೆಯಲ್ಲಿ ಎರಡೂ ಸುರುಳಿ ತೋರಿಸಿ ಮಾತಾಡಬೇಕೆಂದಿದ್ದೇನೆ. ಅದರ ಕೊನೆಗೆ ನಿಮ್ಮ ಮಗಳ ಕೈಯ ಚಿತ್ರವೊಂದು ಸಿಕ್ಕರೆ ಒಳ್ಳೆಯದು. ಸಾಧಾರಣ ಫೋಟೋ ಸಾಕು. ಕೈ ಹೇಗಿದೆ?

ಮೆರಿಲ್ ಹೌಗನ್

*

ಹ್ಯಾನ್ಕಾಕ್
ನವೆಂಬರ್ 15, 1998

ಡಾಕ್ಟರ್ ಹೌಗನ್ ಅವರಿಗೆ,

ಫೋಟೋ ಇಲ್ಲ. ನಮ್ಮ ಮನೆಯ ಎರಡನೇ ಕೈಯನ್ನೂ ಕಪ್ಪು ಬಟ್ಟೆಯ ಮೇಲೆ ಇಡಲು ನಾನು ಕೊಡುವುದಿಲ್ಲ. ಸಭೆಗೆ ನಿಮ್ಮ ಬೆನ್ನಿನ ಚಿತ್ರವಿದೆ, ಅದನ್ನೇ ತೋರಿಸಿ.

ಕೈ ಹೇಗಿದೆ ಎಂದು ಕೇಳಿದ್ದೀರಿ, ಮಗಳು ಹೇಗಿದ್ದಾಳೆ ಎಂದಲ್ಲ. ಆದರೂ ಹೇಳುತ್ತೇನೆ. ಐದು ವಾರ ಪಟ್ಟಿ ಇತ್ತು. ಬಿಚ್ಚಿದಾಗ ಕೆಂಪಗೆ, ಊದಿಕೊಂಡು, ಯಾರದೋ ಬೆರಳನ್ನು ತಂದು ಹೊಲಿದ ಹಾಗಿತ್ತು. ಎರಡೂವರೆ ತಿಂಗಳು ಅವಳು ಅದನ್ನು ಮುಟ್ಟಲಿಲ್ಲ. ಇದ್ದ ತೋರುಬೆರಳೂ ಹೋಯಿತಲ್ಲ, ಈಗ ನಡುಬೆರಳು ಉಂಗುರಬೆರಳಿನ ಸಂದಿಯಲ್ಲಿ ಹಿಡಿಯಲು ಹೊರಟಳು. ಆ ದಿನಗಳಲ್ಲಿ ರಾಯ್ ಊಟಕ್ಕೆ ಕೂತರೆ ತಟ್ಟೆ ಬಿಟ್ಟು ನನ್ನ ಮುಖ ನೋಡುತ್ತಿರಲಿಲ್ಲ. ನನಗೂ ನಿದ್ದೆ ಕೆಟ್ಟಿತು. ಅಂಗಡಿಯಿಂದ ಬಂದವಳು ಒಂದು ದಿನ ನಾಚಿಕೆಬಿಟ್ಟು ಅವಳ ಮುಂದೆ ಕೂತು, "ಇದ್ರಲ್ಲಿ ಹಿಡಿ ಕಂದಾ, ಇದ್ರಲ್ಲಿ ಹಿಡಿ" ಎಂದು ಆ ಬೆರಳನ್ನು ಅದುಮಿ ಅದುಮಿ ಹೇಳುತ್ತಿದ್ದೆ. ಅಮ್ಮ ಬಾಗಿಲಲ್ಲಿ ನಿಂತು ನೋಡಿದಳು. ಒಳಗೆ ಬಂದು ಮಗುವನ್ನು ನನ್ನ ಕೈಯಿಂದ ಎತ್ತಿಕೊಂಡು ಹೋಗಿಬಿಟ್ಟಳು.

ಅಕ್ಟೋಬರಿನಲ್ಲಿ ಅಮ್ಮನ ಮನೆಯಲ್ಲಿ ಸಿಲ್ವಿ ಅಜ್ಜಿಯ ತೊಡೆ ಮೇಲಿದ್ದಳು. ನಾವು ಹಿಮ ತೆಗೆಯುವ ಮಾತಾಡುತ್ತಿದ್ದೆವು. ಯಾರೂ ಅವಳನ್ನು ನೋಡುತ್ತಿರಲಿಲ್ಲ. ಅವಳು ಎಡಗೈ ಎತ್ತಿ, ಹೊಸ ಹೆಬ್ಬೆರಳು ಮತ್ತು ಪಕ್ಕದ ಬೆರಳಿನಿಂದ ಅಜ್ಜಿಯ ಕನ್ನಡಕದ ಕಡ್ಡಿ ಹಿಡಿದು, ಮೂಗಿನಿಂದ ಮೆಲ್ಲಗೆ ಕಳಚಿ, ಬಾಯಿಗೆ ಹಾಕಿಕೊಂಡಳು. "ಕಳ್ಳಿ" ಎಂದಳು ಅಮ್ಮ. ರಾಯ್ ಎದ್ದು ಹೊರಗೆ ಹೋಗಿ, ಬಿದ್ದಿರದ ಹಿಮ ನೋಡಿಕೊಂಡು ನಿಂತ.

ನಿಮ್ಮನ್ನು ನಾನು ಕ್ಷಮಿಸಿಲ್ಲ, ಕ್ಷಮಿಸುವ ಇರಾದೆಯೂ ಇಲ್ಲ. ಆದರೆ ಹದಿನಾಲ್ಕು ಕಾಗದ ಬರೆದಿರಿ ಎಂದು ಅಮ್ಮನಿಗೆ ಓದಿ ಹೇಳಿದೆ. "ಫೋಟೋ ಯಾಕೆ? ಬಂದು ನೋಡ್ಲಿ ಬಿಡು, ಕಾಫಿ ಕೊಟ್ರೆ ಏನ್ ಹೋಗ್ತದೆ" ಎಂದಳು. ಅವಳ ಮನೆ, ಅವಳ ಕಾಫಿ, ನಾನು ತಡೆಯುವುದಿಲ್ಲ. ಕೈ ನೋಡಲೇಬೇಕು ಅಂದರೆ ಬನ್ನಿ. ಭಾನುವಾರ ಚರ್ಚು ಮುಗಿದ ಮೇಲೆ ಎಲ್ಲರೂ ಇರುತ್ತೇವೆ. ಡಾಕ್ಟರ್ ಎಂದು ಹೇಳಿಕೊಳ್ಳಬೇಡಿ. ಮೂಲೆಯ ಕುರ್ಚಿಯಲ್ಲಿ ಕೂರಿ, ಪೆನ್ನು ತೆಗೆಯಬೇಡಿ. ಅವಳಾಗಿ ಹತ್ತಿರ ಬಂದರೆ ನೋಡಿ. ಬರದಿದ್ದರೆ ಕಾಫಿ ಕುಡಿದು ಹೊರಡಿ. ಏನನ್ನೂ ಮಾಡಿ ತೋರಿಸು ಎಂದು ಮಾತ್ರ ಕೇಳಬೇಡಿ. ಅವಳು ಯಾರಿಗೂ ಏನನ್ನೂ ಮಾಡಿ ತೋರಿಸಬೇಕಾಗಿಲ್ಲ.

ಐಲಿ